ಮೈದಾನದ ಅಂಚಿನಲ್ಲಿ ನಿಂತವಳಿಗೆ

ಮೈಸೂರು

ಚಿ. ಅನಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡದ ಹುಡುಗರ ಆರೋಗ್ಯ ನೋಡಿಕೊಳ್ಳುವ ನೀನು ಬರೆದ ಕಾಗದದಲ್ಲಿ ನನ್ನನ್ನು ಕೂರಿಸಿ ಬರೆಸುತ್ತಿರುವುದು ಒಂದೇ ಸಾಲು: "ಕ್ಯಾಂಪ್‌ನಲ್ಲಿ ಹುಡುಗನೊಬ್ಬ ಕುಸಿದರೆ, ಅದು ಬಿಸಿಲಿನ ಹೊಡೆತವೋ ಸಿಕಲ್ ಟ್ರೇಟೋ ಅಂತ ನನಗೆ ಗೊತ್ತಾಗದೇ ಹೋದರೆ?" ಸಿಕಲ್ ಟ್ರೇಟ್ ಅಂದರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಕುಡುಗೋಲು ಕಣದ ಜೀನ್ ಬಂದಿರುವುದು; ಮೈ ಮಿತಿಮೀರಿ ದಣಿದಾಗ ರಕ್ತಕಣ ಕುಡುಗೋಲಿನಂತೆ ಬಾಗಬಹುದು.

ಯಾವಾಗ ಬಿದ್ದ ಅನ್ನುವುದನ್ನು ಮೊದಲು ನೋಡು. ಬಿಸಿಲು ಹೊಡೆಯುವುದು ಸಾಮಾನ್ಯವಾಗಿ ಅಭ್ಯಾಸ ಸಾಕಷ್ಟು ಹೊತ್ತು ನಡೆದ ಮೇಲೆ. ಅವನ ಮಾತು ತೊದಲುತ್ತೆ, ಎಲ್ಲಿದ್ದೀನಿ ಅನ್ನುವ ಪರಿವೆ ಇರಲ್ಲ, ಸುಮ್ಮಸುಮ್ಮನೆ ರೇಗುತ್ತಾನೆ. ಮೈ ಬೆವರುತ್ತಲೇ ಇರಬಹುದು, ಚರ್ಮ ಒಣಗಲಿ ಅಂತ ಕಾಯಬೇಡ. ಸಿಕಲ್ ಟ್ರೇಟ್ ಇರುವವನು ಬೇಗ ಬೀಳುತ್ತಾನೆ. ಬಿಡುವಿಲ್ಲದೆ ಒಂದರ ಹಿಂದೊಂದು ಸ್ಪ್ರಿಂಟ್ ಓಡಿಸಿದಾಗ ಕೆಲವೇ ನಿಮಿಷ ಸಾಕು. "ಕಾಲು ಬರ್ತಿಲ್ಲ" ಅಂತ ಕೂತುಬಿಡುತ್ತಾನೆ, ಮೊದಮೊದಲು ಮಾತು ಸ್ಪಷ್ಟವಾಗೇ ಇರುತ್ತೆ. ಸ್ನಾಯು ಹಿಡಿದುಕೊಂಡವನು ಕಿರುಚುತ್ತಾನೆ, ಮಾಂಸಖಂಡ ಗಂಟು ಕಟ್ಟಿದ್ದು ಕಣ್ಣಿಗೇ ಕಾಣುತ್ತೆ. ಟ್ರೇಟ್ ಇರುವವನ ತೊಡೆ ಮುಟ್ಟಿದರೆ ಮೆತ್ತಗಿರುತ್ತೆ, ಸದ್ದಿಲ್ಲದೆ ಬಿದ್ದಿರುತ್ತಾನೆ. ಸೋಮಾರಿತನ ಅಂತ ಗದರಿಸಿ ಎಬ್ಬಿಸಲು ಹೋಗುವುದು ಇಂಥವನನ್ನೇ.

ಇಷ್ಟಾದರೂ ಗೊತ್ತಾಗದಿದ್ದರೆ? ಆಗಲೂ ನಿನ್ನ ಕೈ ಮಾಡಬೇಕಾದ ಮೊದಲ ಕೆಲಸ ಒಂದೇ: ಓಟ ನಿಲ್ಲಿಸು, 911ಕ್ಕೆ ಫೋನ್ ಮಾಡಿಸು, ಗುದದ್ವಾರದ ಥರ್ಮಾಮೀಟರ್ ಹಾಕು. ಬಾಯಿ, ಕಿವಿ, ಹಣೆಯ ಲೆಕ್ಕ ಓಡಿ ಬಂದವನಲ್ಲಿ ನಂಬುವಂಥದ್ದಲ್ಲ. 40 ಡಿಗ್ರಿ ದಾಟಿ ಬುದ್ಧಿಯೂ ಕದಡಿದ್ದರೆ ತಡಮಾಡದೆ ಐಸ್ ನೀರಿನ ತೊಟ್ಟಿಗೆ. ಕಂಕುಳ ಕೆಳಗೆ ಬಟ್ಟೆ ಹಾಯಿಸಿ ಒಬ್ಬ ತಲೆ ಮುಳುಗದಂತೆ ಹಿಡಿದಿರಲಿ, ಇನ್ನೊಬ್ಬ ನೀರು ಕಲಕುತ್ತಲೇ ಇರಲಿ. ಕಲಕದಿದ್ದರೆ ಮೈಗೆ ತಾಗಿದ ನೀರು ಅಲ್ಲೇ ಬೆಚ್ಚಗಾಗುತ್ತೆ. ಬಿದ್ದ ಅರ್ಧ ಗಂಟೆಯೊಳಗೆ 38.9ಕ್ಕೆ ಇಳಿಯಬೇಕು. ಆಂಬುಲೆನ್ಸ್ ಬಂದು ನಿಂತರೂ ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಜ್ವರ ಅಷ್ಟಿಲ್ಲ, ಕಾಲು ಸೋತಿದೆ ಅಂದರೆ ಚೀಲದ ಮಾಸ್ಕ್ ಹಾಕಿ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಕೊಡು, ಹೃದಯಕ್ಕೆ ಶಾಕ್ ಕೊಡುವ ಯಂತ್ರ ಎಇಡಿ ಪಕ್ಕದಲ್ಲೇ ಇರಲಿ. ಟ್ರೇಟ್ ಇದೆ ಅಂತ ಆಸ್ಪತ್ರೆಯವರಿಗೆ ಬಾಯಿಬಿಟ್ಟು ಹೇಳು. ಸ್ನಾಯು ಒಡೆದು ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಲಯವೇ ತಪ್ಪುತ್ತೆ.

ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೀನೇನೋ. ಏನು ಮಾಡಲಿ, ಆ ಸಾಲು ತಲೆಯಿಂದ ಹೋಗುತ್ತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೇ ಕುಡುಗೋಲು ಕಣ ಇದೆ. ಮೈಕೈ ನೋವು, ಕೀಲುನೋವು ಅಂತ ಬಂದವರನ್ನು ವಾತ ಅಂತ ಮಾತ್ರೆ ಕೊಟ್ಟು ಕಳಿಸುತ್ತಿದ್ದ ಕಾಲವೊಂದಿತ್ತು. ಪರೀಕ್ಷೆ ಅಷ್ಟು ತಡವಾಗಿ ಬಂತಲ್ಲ ಅನ್ನುವ ಕೊರಗು ಈ ವಯಸ್ಸಿನಲ್ಲೂ ಹೋಗಿಲ್ಲ. ನಿನ್ನ ಕೈಯಲ್ಲಿ ಟ್ರೇಟ್ ಇರುವವರ ಪಟ್ಟಿಯಾದರೂ ಇದೆ. 2006ರಲ್ಲಿ ರೈಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ಡೇಲ್ ಲಾಯ್ಡ್, ಟ್ರೇಟ್ ಇದ್ದ 19 ವರ್ಷದವನು, ನೂರು ಗಜದ 16 ಓಟ ಓಡಿ ಕುಸಿದ, ಮರುದಿನ ತೀರಿಕೊಂಡ. ಅವನ ಮನೆಯವರು ಹೋರಾಡಿದ ಮೇಲೆಯೇ 2010ರಿಂದ ಕಾಲೇಜು ಕ್ರೀಡೆಯ ಮೇಲ್ದರ್ಜೆಯಾದ ಡಿವಿಜನ್ ಒನ್ ಆಟಗಾರರಿಗೆಲ್ಲ ಈ ಪರೀಕ್ಷೆ ಬಂದದ್ದು. ಆಫ್ರಿಕನ್ ಅಮೆರಿಕನ್ನರಲ್ಲಿ ಶೇ. 8ರಷ್ಟು ಜನಕ್ಕೆ ಟ್ರೇಟ್ ಇರುತ್ತೆ, ಅಂದರೆ ಕಪ್ಪು ಹುಡುಗರೇ ಹೆಚ್ಚಿರುವ ನಿಮ್ಮಂಥ ತಂಡದ ನೂರು ಹುಡುಗರಲ್ಲಿ ಏಳೆಂಟು ಜನ. ಅವರ ಮುಖ, ಜೆರ್ಸಿ ನಂಬರು ಬಾಯಿಪಾಠ ಆಗಲಿ. ಆಡಬಾರದು ಅಂತಲ್ಲ, ಖಂಡಿತ ಆಡಲಿ. ಓಟದ ಮಧ್ಯೆ ಬಿಡುವು ಹೆಚ್ಚಿರಲಿ, ಮೊದಲ ದಿನವೇ ಗಡಿಯಾರ ಹಿಡಿದು ಓಡಿಸುವುದು ಬೇಡ, ಜ್ವರವೋ ಭೇದಿಯೋ ಆಗಿದ್ದವನು ಆ ದಿನ ಕೂತಿರಲಿ.

ಕೋಚ್ ಕೇಳಲ್ಲ ಅಂತ ಬರೆದಿದ್ದೀಯ. ಫ್ಲೋರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಹೇಗೆ ಶುರು ಮಾಡಿತು ನೋಡು. ಅರ್ಹತೆಯ ತಕರಾರಿನಲ್ಲಿ 20ಕ್ಕೂ ಹೆಚ್ಚು ಹುಡುಗರನ್ನು ಬಿಟ್ಟು ನಾರ್ತ್ ಕ್ಯಾರೊಲೈನಾಕ್ಕೆ ಹೋಗಿ 56-24 ಸೋಲು, ಮುಂದಿನ ವಾರ ಮಯಾಮಿ ಗಾರ್ಡನ್ಸ್‌ನಲ್ಲಿ ಜಾಕ್ಸನ್ ಸ್ಟೇಟ್ ಎದುರು 59-3. ಆಮೇಲೆ ಸತತ ಒಂಬತ್ತು ಗೆಲುವು! ಮರುವರ್ಷ 12 ಗೆಲುವು, ಒಂದೇ ಸೋಲು; ಅಟ್ಲಾಂಟಾದಲ್ಲಿ ಸೀಸನ್ ಕೊನೆಯ ದೊಡ್ಡ ಪಂದ್ಯ ಸೆಲೆಬ್ರೇಷನ್ ಬೌಲ್‌ನಲ್ಲಿ ಹೊವರ್ಡ್ ಮೇಲೆ 30-26 ಗೆಲುವು. ಮೊದಲೆರಡು ವಾರ ಸೋತರೆ ಸೀಸನ್ ಮುಳುಗಲ್ಲ ಅಂತ ನಿಮ್ಮ ಕೋಚ್‌ಗೆ ಇದನ್ನೇ ತೋರಿಸಬಹುದು. ಜನ ಕಮ್ಮಿಯಿದ್ದಾಗ ಇರುವವರ ಮೇಲೇ ಭಾರ ಬೀಳುತ್ತೆ. ಸೋತ ಸಿಟ್ಟಿಗೆ ಶಿಕ್ಷೆಯ ಓಟ ಓಡಿಸುವ ಚಟ ಎಲ್ಲ ಕಡೆಯ ಕೋಚ್‌ಗಳಿಗೂ ಇದೆ. ನೀನು ಹೆದರುವ ಆ ಕುಸಿತ ಶನಿವಾರದ ಮ್ಯಾಚಿಗಿಂತ ಇಂಥ ಓಟದಲ್ಲೇ ಹೆಚ್ಚು. ಆ ದಿನ ಪಟ್ಟಿ ಹಿಡಿದು ಎದುರಿಗೆ ನಿಲ್ಲು. ಹೇಳುವುದು ಸುಲಭ, ಗೊತ್ತು.

ಒಂದು ಬಿಟ್ಟುಹೋಯಿತು. ಹಾಫ್ ಟೈಮಿನಲ್ಲಿ ಬ್ಯಾಂಡ್ ನೋಡಲೆಂದೇ ಜನ ಬರುತ್ತಾರೆ ಅಂತ ಹೊಗಳಿ ಬರೆದಿದ್ದೀಯ. ದಪ್ಪ ಸಮವಸ್ತ್ರ ತೊಟ್ಟು ಟ್ಯೂಬಾ ಹೊತ್ತು ಕುಣಿಯುವ ಆ ಮಕ್ಕಳಿಗೆ ಟ್ರೇಟ್ ಪರೀಕ್ಷೆ ಆಗಿರುತ್ತಾ? ಅವರಲ್ಲೊಬ್ಬ ಬಿದ್ದರೆ ತೊಟ್ಟಿ ಯಾವ ಗೇಟಿನಲ್ಲಿದೆ ಅಂತ ಬ್ಯಾಂಡಿನವರಿಗೆ ಯಾರಾದರೂ ಹೇಳಿದ್ದಾರಾ? ಕೇಳಿ ಬರೆ.

ಇತಿ ನಿನ್ನ
ದೊಡ್ಡಮ್ಮ