ರಿಫಂಡ್ ಕೇಳಿದ್ದಕ್ಕೆ ಮಗನ ಮಾತು ಓದಿ ಹೇಳಿದವರಿಗೆ

ಕುಂದುಕೊರತೆ ಅಧಿಕಾರಿಯವರಿಗೆ,

ವಿಷಯ: ನಿಮ್ಮ ಆಪ್‌ನಲ್ಲಿ ತಗೊಂಡ ಫ್ಯಾಮಿಲಿ ಕೌನ್ಸೆಲಿಂಗ್ ಪ್ಯಾಕೇಜಿನ ಹಣ ವಾಪಸ್ ಮಾಡುವುದು, ಮತ್ತು ನನ್ನ ಮಗನ ಸೆಷನ್ ನೋಟ್ಸ್ ನಿಮ್ಮ ಬಿಲ್ಲಿಂಗ್ ವಿಭಾಗದ ಕೈಗೆ ಹೋದದ್ದರ ಬಗ್ಗೆ ದೂರು

ಮಾನ್ಯರೇ,

ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಭಾಷೆಯಲ್ಲೇ ಮನಸ್ಸು ಬಿಚ್ಚಿ ಮಾತಾಡಿ ಅಂತ ಜಾಹೀರಾತು ಹಾಕಿದವರು ನೀವೇ. ಇದನ್ನು ಓದೋಕೆ ನಿಮ್ಮಲ್ಲಿ ಯಾರೂ ಇಲ್ಲದಿದ್ದರೆ ಅದನ್ನೂ ಒಂದು ದೂರು ಅಂತ ಬರೆದುಕೊಳ್ಳಿ.

ನಾವು ಡೊಂಬಿವಲಿಯವರು. ಒಂದು ರೂಮ್, ಕಿಚನ್. ನಾನು, ನಮ್ಮನೆಯವರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗ. ನಮ್ಮನೆಯವರು ವಾಶಿಯಲ್ಲಿ ಹೋಟೆಲ್ ಕೌಂಟರ್ ನೋಡಿಕೊಳ್ಳುತ್ತಾರೆ, ಮನೆ ಸೇರುವಾಗ ಮಗ ಮಲಗಿರುತ್ತಾನೆ. ಈ ವರ್ಷ ಮಗ ಸ್ಕೂಲಿಗೆ ಹೋಗಲ್ಲ ಅಂತ ಕೂತ. ನನ್ನ ಜೊತೆ ಮಾತು ನಿಲ್ಲಿಸಿದ. ಅವನು ಸ್ವಲ್ಪ ಬಾಯಿ ಬಿಡುವುದು ಅಜ್ಜಿ ಹತ್ತಿರ ಮಾತ್ರ. ಅತ್ತೆ ಕುಂದಾಪುರದವರು, ಹಿಂದಿ ಮರಾಠಿ ಎರಡೂ ಬಾರದು. ಕನ್ನಡದ ಕೌನ್ಸೆಲರೇ ಬೇಕು ಅಂತ ನಾನು ಪಟ್ಟು ಹಿಡಿದದ್ದು ಅದಕ್ಕೇ. 9,600 ರೂಪಾಯಿ ಕಟ್ಟಿ ಆರು ಸೆಷನ್ ತಗೊಂಡದ್ದೂ ಅದಕ್ಕೇ.

ಮೊದಲು ಸಿಕ್ಕಿದ ಕೌನ್ಸೆಲರ್ ಬಗ್ಗೆ ನನ್ನದೇನೂ ದೂರಿಲ್ಲ. ಒಳ್ಳೆಯವರು. ಅತ್ತೆಯನ್ನು ಅಮ್ಮಾ ಅಂತ ಕರೆದು ಮಾತಾಡಿಸಿದರು. ಮಗನ ಫೋನ್ ಕಿತ್ತುಕೊಳ್ಳಬೇಡಿ, ಅವನನ್ನೂ ಕೂರಿಸಿಕೊಂಡು ಟೈಮ್ ಗೊತ್ತು ಮಾಡಿ ಅಂದರು. ಇಡೀ ದಿನದ ಸ್ಕೂಲು ಬೇಡ ಅಂದರೆ ಮೊದಲು ಎರಡು ಪೀರಿಯಡ್‌ಗೆ ಕಳಿಸಿ ನೋಡಿ, ಕ್ಲಾಸ್ ಟೀಚರ್ ಹತ್ತಿರ ನಾನೇ ಮಾತಾಡ್ತೇನೆ ಅಂದರು. ಆಮೇಲೆ ಅವನೊಬ್ಬನ ಜೊತೆ ಒಂದು ಸೆಷನ್ ಮಾಡಿದರು. ನಮ್ಮ ಮನೆಯಲ್ಲಿ ಗುಟ್ಟು ಮಾತಾಡೋಕೆ ಜಾಗ ಎಲ್ಲಿದೆ? ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಹಿಂದೆ ಕೂತು ಮಾತಾಡಿ ಬಂದ. ಏನು ಹೇಳಿದ ಅಂತ ನಾನು ಕೇಳಲಿಲ್ಲ. ಕೇಳಬೇಡಿ ಅಂತ ಕೌನ್ಸೆಲರೇ ಹೇಳಿದ್ದರು. ಅವತ್ತು ರಾತ್ರಿ ನನ್ನ ತಟ್ಟೆಗೆ ತಾನೇ ಅನ್ನ ಬಡಿಸಿದ.

ಮುಂದಿನ ವಾರ ಆ ಕೌನ್ಸೆಲರ್ ಆಪ್‌ನಿಂದ ಮಾಯ. ಒಂದು ಮೆಸೇಜ್ ಕೂಡ ಇಲ್ಲ. ಅವರ ಜಾಗಕ್ಕೆ ಹಾಕಿದವರಿಗೆ ಕನ್ನಡ ಬರುತ್ತಿದ್ದದ್ದು 'ನಮಸ್ಕಾರ' ಅನ್ನುವಷ್ಟು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ವಿಡಿಯೋ ಆನ್ ಮಾಡಿದರು. ಅತ್ತೆ ಏನೋ ಹೇಳಲು ಹೋದರೆ 'ಮಾ ಜೀ, ಹಿಂದಿ ಮೇ ಬೋಲಿಯೇ' ಅಂದರು. ಹತ್ತು ನಿಮಿಷದೊಳಗೆ ನೆಟ್‌ವರ್ಕ್ ಹೋಯಿತು, ಮತ್ತೆ ಬರಲಿಲ್ಲ. ಅವರ ಪ್ರೊಫೈಲಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬರೆದಿದ್ದೀರಿ. ಹಾಗೆ ಬರೆದುಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ನಂಬರ್ ಕೊಡಿ ಅಂದೆ. 'ಮೇಡಮ್, ನಮ್ಮ ಎಲ್ಲ ತಜ್ಞರೂ ವೆರಿಫೈಡ್' ಅಂತ ಉತ್ತರ ಬಂತು, ಜೊತೆಗೊಂದು ನಗುವ ಗೊಂಬೆ. ನಂಬರ್ ಇವತ್ತಿಗೂ ಬಂದಿಲ್ಲ.

ಹದಿನೈದು ನಿಮಿಷಕ್ಕಿಂತ ಕಡಿಮೆ ನಡೆದ ಸೆಷನ್ ಲೆಕ್ಕಕ್ಕಿಲ್ಲ. ಒಪ್ಪಿಗೆ ಕೇಳದೆ ಕೌನ್ಸೆಲರ್ ಬದಲಾಯಿಸಿದರೆ ಉಳಿದ ಹಣ ಪೂರ್ತಿ ವಾಪಸ್. ಇವೆರಡೂ ನಿಮ್ಮದೇ ನಿಯಮಗಳು, ನಿಮಗೆ ವಿವರಿಸಬೇಕಾಗಿಲ್ಲ ಅಂದುಕೊಂಡಿದ್ದೇನೆ. ಫೋನಿನಲ್ಲಿ ಮರ್ಯಾದೆಯಿಂದಲೇ ಕೇಳಿದೆ. ಎಲ್ಲರೂ ಮರ್ಯಾದೆಯಿಂದಲೇ 'ಟಿಕೆಟ್ ರೇಸ್ ಮಾಡಿದ್ದೇವೆ' ಅಂದರು.

ಈಗ ಆ ಫೋನ್ ಕರೆಯ ವಿಷಯ. ಒಂದನ್ನೂ ಬಿಡದೆ ಬರೆಯುತ್ತೇನೆ.

ಸಂಜೆ ಘಾಟ್‌ಕೋಪರ್‌ನಲ್ಲಿ ಲೋಕಲ್ ಹತ್ತಿದ್ದೆ. ಲೇಡೀಸ್ ಡಬ್ಬಿ, ಕಾಲಿಡಲು ಜಾಗವಿಲ್ಲ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ಕೂತಿದ್ದೆ. ಎದುರಿಗೆ ನಮ್ಮ ಬಿಲ್ಡಿಂಗಿನವರೇ ಒಬ್ಬರು ಬಟಾಣಿ ಸುಲಿಯುತ್ತಾ ಕೂತಿದ್ದರು. ನಿಮ್ಮ ಬಿಲ್ಲಿಂಗ್‌ನವರ ಫೋನ್ ಬಂತು. ಟ್ರೈನಿನಲ್ಲಿದ್ದೇನೆ, ಆಮೇಲೆ ಮಾಡಿ ಅಂದೆ. 'ಈಗ ಮಾತಾಡದಿದ್ದರೆ ಟಿಕೆಟ್ ಕ್ಲೋಸ್ ಆಗುತ್ತೆ ಮೇಡಮ್' ಅಂದ. ಸರಿ ಅಂದೆ.

ವೆರಿಫಿಕೇಶನ್ ಬೇಕಂತೆ. ಹೆಸರು ಹೇಳಿದೆ. ಹುಟ್ಟಿದ ದಿನ ಹೇಳಿದೆ. ಆಮೇಲೆ, 'ರಿಜಿಸ್ಟರ್ ಮಾಡುವಾಗ ನಿಮ್ಮ ಸಮಸ್ಯೆ ಯಾವುದು ಅಂತ ಆಯ್ಕೆ ಮಾಡಿದ್ದಿರಿ?' ಅಂದ. ಇದು ಎಂಥ ವೆರಿಫಿಕೇಶನ್ ಅಂತ ಕೇಳಿದೆ. ಸಿಸ್ಟಮ್ ಕೇಳುತ್ತಂತೆ. ಮೆಲ್ಲಗೆ ಹೇಳಿದೆ. 'ಜೋರಾಗಿ ಹೇಳಿ, ಕೇಳಿಸ್ತಿಲ್ಲ.' ಇನ್ನೊಮ್ಮೆ ಹೇಳಿದೆ. 'ಗಂಡ ಹೆಂಡತಿ ಸಮಸ್ಯೆನಾ, ಮಕ್ಕಳ ಸಮಸ್ಯೆನಾ ಮೇಡಮ್?' ಮಕ್ಕಳದ್ದು ಅಂತ ಜೋರಾಗಿಯೇ ಹೇಳಿದೆ. ಎದುರಿನವರು ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು.

ಆ ಸೆಷನ್ ನಡೆದೇ ಇಲ್ಲ ಅಂತ ನಾನು ಹೇಳಿದೆ. 'ನಡೆದಿದೆ. ನೋಟ್ಸ್ ಇದೆ' ಅಂದ. ಎಂಥ ನೋಟ್ಸ್ ಅಂದೆ. ಓದಿದ. ಅದು ಕಾರಿನವರ ಸೆಷನ್ನಿನದ್ದಲ್ಲ. ಟ್ಯಾಂಕಿನ ಹಿಂದೆ ಕೂತು ನನ್ನ ಮಗ ಮೊದಲಿನ ಕೌನ್ಸೆಲರ್ ಹತ್ತಿರ ಆಡಿದ ಮಾತು. ನನ್ನ ಬಗ್ಗೆ ಆಡಿದ ಮಾತು. ಅದೇನು ಅಂತ ಇಲ್ಲಿ ಬರೆಯಲ್ಲ, ಅದು ಅವನದ್ದು. ಸಾಕು, ನಿಲ್ಲಿಸಪ್ಪಾ ಅಂದೆ. ಅವನು ಆ ವಾಕ್ಯ ಮುಗಿಸಿಯೇ ನಿಲ್ಲಿಸಿದ. ಆಮೇಲೆ, 'ತಾಯಿಗೆ ಬೇಗ ಕೋಪ ಬರುತ್ತೆ ಅಂತ ಇಲ್ಲೇ ಬರೆದಿದೆ ಮೇಡಮ್, ಅದಕ್ಕೇ ನಮ್ಮ ಮೇಲೂ ಕೋಪ ಮಾಡ್ಕೊಳ್ತಿದ್ದೀರಿ' ಅಂದ. ಕೊನೆಗೆ ಐದರಲ್ಲಿ ಎಷ್ಟು ಸ್ಟಾರ್ ಕೊಡ್ತೀರಿ ಅಂತ ಮೆಸೇಜ್ ಬಂತು.

ಚಿಕಿತ್ಸೆ ಚೆನ್ನಾಗಿದೆ ಅಲ್ವಾ? ರಿಫಂಡ್ ಕೇಳಿದವರಿಗೆ ರೋಗದ ಹೆಸರೂ ಪುಕ್ಕಟೆ ಸಿಗುತ್ತೆ.

ಮರುದಿನ ಲಿಫ್ಟಿನಲ್ಲಿ ಆ ಬಿಲ್ಡಿಂಗಿನವರು ಮಗನನ್ನೇ 'ಈಗ ಹೇಗಿದ್ದೀಯಪ್ಪಾ?' ಅಂತ ಕೇಳಿದರು. ಅವನಿಗೆ ಅರ್ಥವಾಯಿತು. ಈಗ ಆಪ್ ಅಂದರೆ ಎದ್ದು ಹೋಗುತ್ತಾನೆ. ಅವನ ನೋಟ್ಸ್ ಹಣ ಎಣಿಸುವವನ ಕಂಪ್ಯೂಟರಿಗೆ ಹೇಗೆ ಹೋಯಿತು? ನನಗೆ ಬೇಕಾದ ಉತ್ತರ ಅದೊಂದೇ. 'ನಿಮ್ಮ ಗೌಪ್ಯತೆ ನಮಗೆ ಮುಖ್ಯ' ಅನ್ನುವ ಆ ರೆಡಿಮೇಡ್ ಮೇಲ್ ಮಾತ್ರ ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪಾಲಿಸುತ್ತೇವೆ ಅಂತ ವೆಬ್‌ಸೈಟಿನಲ್ಲಿ ದೊಡ್ಡದಾಗಿ ಹಾಕಿದ್ದೀರಲ್ಲ, ಅದರ 23ನೇ ಕಲಮು ಯಾವುದರ ಬಗ್ಗೆ ಇದೆ ಅಂತ ಒಮ್ಮೆ ನೋಡಿ. ಗೌಪ್ಯತೆ ಬಗ್ಗೆಯೇ ಇದೆ.

ಅಂದ ಹಾಗೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಒಂದು ಪೈಸೆ ಕೇಳಲಿಲ್ಲ, ಸ್ಟಾರೂ ಕೇಳಲಿಲ್ಲ.

ಪ್ಯಾಕೇಜ್ ಮುಗಿದರೆ ತಾನಾಗಿ ರಿನ್ಯೂ ಆಗುತ್ತೆ ಅನ್ನುವುದೂ ಈಗ ಗೊತ್ತಾಯಿತು. ಶುರು ಮಾಡುವ ಬಟನ್ ಅಂಗೈಯಷ್ಟು ದೊಡ್ಡದು. ನಿಲ್ಲಿಸುವ ಬಟನ್ ಹುಡುಕಿ ಹುಡುಕಿ ಸಾಕಾಗಿ ಬ್ಯಾಂಕಿಗೆ ಹೇಳಿ ಆಟೋ ಪೇ ನಿಲ್ಲಿಸಿಸಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಮಾರ್ಗಸೂಚಿ ಹೊರಡಿಸಿ ಬೇಡ ಅಂದ ಆಟಗಳಲ್ಲಿ ಇದೂ ಒಂದು. ಆ ಪಟ್ಟಿಯನ್ನು ನೀವು ಸಿಲಬಸ್ ಅಂದುಕೊಂಡಿದ್ದೀರೋ ಏನೋ.

ಇನ್ನು ಸುಮ್ನೆ ಕೂರಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಮಾಡದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಆಮೇಲೆ ಆನ್‌ಲೈನ್ ದೂರು ಹಾಕುವ ಇ-ಜಾಗೃತಿ ಪೋರ್ಟಲಿನಲ್ಲಿ ಠಾಣೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. ನಿಮ್ಮ ಆಫೀಸ್ ಯಾವ ಊರಲ್ಲಾದರೂ ಇರಲಿ, ನಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಐದು ಲಕ್ಷದವರೆಗೆ ಫೀಸಿಲ್ಲ. ವಕೀಲರೂ ಬೇಕಾಗಿಲ್ಲ.

ಉಳಿದ ಹಣವನ್ನು ನಾಳೆಯೇ ಹಾಕಿದರೂ ನೋಟ್ಸಿನ ದೂರು ವಾಪಸ್ ತಗೊಳ್ಳಲ್ಲ. ಈ ಕರೆ ರೆಕಾರ್ಡ್ ಆಗುತ್ತಿದೆ ಅಂತ ಫೋನಿನ ಶುರುವಿನಲ್ಲಿ ಹೇಳುತ್ತೀರಲ್ಲ. ಆ ರೆಕಾರ್ಡಿಂಗ್ ಅಳಿಸಬೇಡಿ. ಆಯೋಗದ ಮುಂದೆ ಅದನ್ನೇ ಹಾಜರುಪಡಿಸಿ ಅಂತ ಕೇಳುತ್ತೇನೆ. ಅಳಿಸಿಹೋಗಿದೆ ಅಂದರೆ ಅದನ್ನೂ ಅಲ್ಲಿಯೇ ಹೇಳಿ.

ಇಂತಿ,
ನಿಮ್ಮ ಗ್ರಾಹಕಿ, ಡೊಂಬಿವಲಿ
(ಹೆಸರು, ಫೋನ್ ನಂಬರ್, ಹುಟ್ಟಿದ ದಿನ, ಕೋಪ, ಎಲ್ಲ ನಿಮ್ಮ ಸಿಸ್ಟಮ್‌ನಲ್ಲೇ ಇದೆ)