ಎಲೆಯಡಿಕೆ ಸಂಚಿ ಬಿಚ್ಚಿದ ಅಣ್ಣನಿಗೆ

ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟದಲ್ಲಿ, ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವ ತಿರುವಿನಲ್ಲಿ, ನಮ್ಮ ಗುಂಪಿನವರ ಕಾಲಿನಿಂದ ಉಂಬುಳ (ಕಾಡಿನ ಜಿಗಣೆ) ಬಿಡಿಸಿಕೊಟ್ಟು ಹೆಸರೂ ಹೇಳದೆ ಇಳಿದುಹೋದ ಅಣ್ಣನಿಗೆ ಧನ್ಯವಾದ.

ಮಳೆಗಾಲದಲ್ಲಿ ಅಲ್ಲಿಗೆ ಹೋಗುವವರು ಅವರು ತೋರಿಸಿದ್ದನ್ನು ಕಲಿತಿರಲಿ. ಉಂಬುಳವನ್ನು ಎಳೆಯಬಾರದು. ಕಚ್ಚುವ ತುದಿ ಸಪೂರ, ಹಿಂದಿನದು ದಪ್ಪ. ಸಪೂರ ತುದಿಯ ಪಕ್ಕದಲ್ಲಿ ಚರ್ಮಕ್ಕೆ ಉಗುರು ಒತ್ತಿ ಅಡ್ಡಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ. ಆಮೇಲೆ ದಪ್ಪ ತುದಿ. ಉಪ್ಪು ಸುರಿದರೂ ಬೀಳುತ್ತದೆ ನಿಜ, ಆದರೆ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು, ನಂಜಾದೀತು. ಬಿಡಿಸಿದ ಮೇಲೂ ರಕ್ತ ನಿಲ್ಲದಿದ್ದರೆ ಗಾಬರಿ ಬೇಡ: ಅದರ ಜೊಲ್ಲಿನಲ್ಲಿರುವ ಒಂದು ವಸ್ತು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಸೋಪಿನಲ್ಲಿ ತೊಳೆದು, ಬಟ್ಟೆ ಮಡಚಿ ಒತ್ತಿ ಕಟ್ಟಿದರಾಯಿತು.

ಸಂಚಿಯ ಹೊಗೆಸೊಪ್ಪನ್ನು ಅರ್ಧ ಬಾಟ್ಲಿ ನೀರಿನಲ್ಲಿ ಕಿವುಚಿ, ಪ್ಯಾಂಟಿನ ಅಂಚನ್ನು ಸಾಕ್ಸಿನೊಳಗೆ ತುರುಕಿಸಿ, ಆ ನೀರನ್ನು ಶೂ ಮತ್ತು ಸಾಕ್ಸಿನ ಹೊರಮೈಗೆ ಮಾತ್ರ ಸವರಿದರು. ಬರಿಮೈಗೆ ಬೇಡ, ಚರ್ಮ ನಿಕೋಟಿನ್ ಹೀರುತ್ತದೆ. ಮಳೆ ಬಂದರೆ ತೊಳೆದುಹೋಗುತ್ತದೆ, ಮತ್ತೆ ಸವರಬೇಕು. ಅದಕ್ಕಿಂತ ಮುಖ್ಯ, ಒದ್ದೆ ತರಗೆಲೆಯ ಮೇಲೆ ನಿಂತು ಫೋಟೋ ತೆಗೆಯದಿರುವುದು. ನಿಂತ ಕಾಲು ಹುಡುಕಿಕೊಂಡೇ ಅವು ಬರುತ್ತವೆ. (ನಮ್ಮ ಸೆಲ್ಫಿಗಳೇ ದುಬಾರಿಯಾದವು.)

ಇಳಿಜಾರಿನಲ್ಲಿ ಮಲಗಿದ ಒದ್ದೆ ಹುಲ್ಲು ಎಣ್ಣೆಯಂತೆ ಜಾರುತ್ತದೆ. ಅಡ್ಡಡ್ಡ ಹೆಜ್ಜೆ, ಹಿಮ್ಮಡಿ ಊರಿ, ಒಬ್ಬರ ಹಿಂದೊಬ್ಬರು ದೂರ ಬಿಟ್ಟು ಎಂದರು.

ಅಣ್ಣಾ, ನಾವು ಬಂಡೆಯ ಹತ್ತಿರ ಮರೆತ ಎರಡು ಖಾಲಿ ಬಾಟ್ಲಿಗಳನ್ನೂ ನೀವೇ ಕೆಳಗೆ ತಂದಿಟ್ಟಿದ್ದಿರಿ. ನಾಚಿಕೆಯಾಯಿತು.