ಬೊಳ್ಳಿ ಸತ್ತಿರಲಿಲ್ಲ

ಪ್ರೀತಿಯ ಕಂಡಕ್ಟರ್‌ಗೆ,

ಮೊದಲೇ ಹೇಳಿಬಿಡುತ್ತೇನೆ. ಈ ಪತ್ರವನ್ನು ನಿನ್ನೊಬ್ಬನಿಗೇ ಕಳಿಸುವ ಧೈರ್ಯ ನನಗಿಲ್ಲ. ನಾಲ್ಕು ಜನ ನೋಡುತ್ತಿದ್ದರೆ ನೀನು ಸ್ವಲ್ಪ ಮರ್ಯಾದೆಯಾಗಿ ಬೈಯುತ್ತೀಯ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಫೋನಿನಲ್ಲಿ ನೀನು ಹಾಕಿದ ಎರಡು ಷರತ್ತೂ ನೆನಪಿವೆ. ಹೆಸರು ಬರಬಾರದು. ಸುಂಟಿಕೊಪ್ಪದ ಕೋಳಿಯ ವಿಷಯ ಬರಬಾರದು. ಕೋಳಿ ಬರುವುದಿಲ್ಲ, ಆಣೆ.

ಇಲ್ಲಿ ಮಳೆ ಹಿಡಿದಿದೆ. ನಿನ್ನೆ ಶಾಲೆಗೂ ಪಿಯುಸಿಗೂ ರಜೆ ಸಿಕ್ಕಿತು. ಡಿಗ್ರಿಯವರು ನೀರಿಗೆ ಕರಗುವ ವಯಸ್ಸು ದಾಟಿದವರಂತೆ, ನಮಗಿಲ್ಲ. ಮೂರ್ನಾಡಿನಿಂದ ಮಡಿಕೇರಿಗೆ ಅದೇ ಬಸ್ಸು. ನಮ್ಮ ಎರಡನೇ ಸೀಟು ಖಾಲಿ ಇತ್ತು, ಅಲ್ಲೇ ಕೂತೆ. ಮೇಲಿನಿಂದ ಸೋರುವ ಜಾಗ ಈಗಲೂ ನಿನ್ನ ಕಡೆಯೇ ಇದೆ.

ಕಳೆದ ವಾರ ನೀನು ಕೇಳಿದೆಯಲ್ಲ, "ಒಂದು ವರ್ಷ ಕಾಲೇಜಿಗೆ ಹೋದೆ, ಎಂತ ಆದೆ?" ಎಂದು. ನಾನು "ಸಾಹಿತಿ" ಎಂದೆ. ನೀನು ನಕ್ಕದ್ದು ಮೈಸೂರಿನಿಂದ ಇಲ್ಲಿ ತನಕ ಕೇಳಿಸಿತು, ಫೋನೇ ಬೇಕಿರಲಿಲ್ಲ. ನಗು ಮಾರಾಯ. ಆದರೆ ಬರೆದದ್ದಂತೂ ನಿಜ. ಬಿ.ಎ. ಸೇರಿದ ಮೇಲೆ ಮೂರು ನೋಟ್‌ಬುಕ್ ತುಂಬಿಸಿದ್ದೇನೆ. ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಐದು ಸಲ ಬಂದಿದ್ದೇನೆ. ಅದರಲ್ಲಿ ಎರಡು ಸಲ ಯಾರೋ ನನ್ನ ಹೆಸರಿನ ಮೇಲೆ ಚೂಯಿಂಗ್ ಗಮ್ ಅಂಟಿಸಿ ಹೋಗಿದ್ದರು. ಓದುಗರು ಇದ್ದಾರೆ ಎಂದಾಯಿತು.

ಹುಚ್ಚು ಹಿಡಿದದ್ದು ಯಾವಾಗ ಎಂದು ನಿನಗೆ ಗೊತ್ತು. 2025ರ ಮೇ ತಿಂಗಳು. ನಾವಿಬ್ಬರೂ ಸೆಕೆಂಡ್ ಪಿಯು ಮುಗಿಸಿ ಸುಮ್ನೆ ಕೂತಿದ್ದಾಗ ಬಾನು ಮುಷ್ತಾಕ್ ಅವರಿಗೂ ಅನುವಾದ ಮಾಡಿದ ದೀಪಾ ಭಾಸ್ತಿ ಅವರಿಗೂ ಇಂಟರ್‌ನ್ಯಾಷನಲ್ ಬೂಕರ್ ಬಂತು. ದೀಪಾ ಅವರು ನಮ್ಮ ಮಡಿಕೇರಿಯವರು ಎಂದು ಗೊತ್ತಾದ ದಿನ ನಾನು ನಿನಗೆ ಹೇಳಿದ್ದೆ, "ಬೂಕರ್ ಮಡಿಕೇರಿ ಬಸ್‌ಸ್ಟ್ಯಾಂಡ್ ತನಕ ಬಂದಿದೆ, ಇನ್ನು ಮೂರ್ನಾಡಿಗೆ ಒಂದೇ ಬಸ್ಸು." ನೀನು ಕೈ ಚಾಚಿ "ಟಿಕೆಟ್?" ಎಂದೆ. ಆ ಟಿಕೆಟ್ ಇನ್ನೂ ಸಿಕ್ಕಿಲ್ಲ.

ಮೊದಲ ಸೆಮಿಸ್ಟರ್ ಪೂರ್ತಿ ನಾನು ಮಂಜು ಬರೆದೆ. ಮಂಜು ಹೊದ್ದ ಬೆಟ್ಟ, ಮಂಜು ಮುತ್ತಿಟ್ಟ ಕಾಫಿ ಗಿಡ, ರಾಜಾಸೀಟಿನಲ್ಲಿ ಮಂಜಿನ ಜೊತೆ ಮಾತಾಡುವ ಒಂಟಿ ಹುಡುಗ. ಆ ಒಂಟಿ ಹುಡುಗ ಜೀವನದಲ್ಲಿ ರಾಜಾಸೀಟಿಗೆ ಹೋದದ್ದು ಎರಡೇ ಸಲ, ಎರಡು ಸಲವೂ ಹತ್ತು ಜನ ನೆಂಟರ ಜೊತೆ. ಕನ್ನಡ ಮೇಡಂ ಒಂದು ಪುಟದಲ್ಲಿ ಒಂಬತ್ತು ಮಂಜು ಎಣಿಸಿದರು. "ಹೋಂಸ್ಟೇಯವರಿಗೆ ಕೊಡು, ಬೋರ್ಡಿಗೆ ಆಗುತ್ತದೆ" ಎಂದರು. ಅದು ಸಾಲದು ಎಂದು, "ನಿಮ್ಮದು ಕಾಫಿ ತೋಟ ಅಲ್ವಾ? ಹೂಮಳೆ ಬಿದ್ದು ಎಷ್ಟು ದಿನಕ್ಕೆ ಹೂ ಬಿಡುತ್ತದೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಕಾಫಿ ಹೂವಿನ ಮೇಲೆ ಎರಡು ಕವನ ಬರೆದವನಿಗೆ ಗೊತ್ತಿರಲಿಲ್ಲ!

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅಮ್ಮ ಬೀನ್ಸ್ ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಒಂದಿಂಚಾದರೂ ಬೀಳಬೇಕು. ರೊಬಸ್ಟಾ ಆದರೆ ಎಂಟೊಂಬತ್ತು ದಿನಕ್ಕೆ ಬಿಳಿಯಾಗುತ್ತದೆ. ಮೂರು ದಿನ ವಾಸನೆ, ಆಮೇಲೆ ಕಂದು. ಮತ್ತೆ ಕಾಯಿ ಕಟ್ಟಲು ಬ್ಯಾಕಿಂಗ್ ಮಳೆ ಬರದಿದ್ದರೆ ನಿನ್ನ ಕಾಲೇಜ್ ಫೀಸಿಗೆ ಕಷ್ಟ." ಕಾಫಿಯ ಬಗ್ಗೆ ನಾನು ವರ್ಷವಿಡೀ ಬರೆದದ್ದಕ್ಕಿಂತ ಇದು ಚೆನ್ನಾಗಿತ್ತು. ಆ ರಾತ್ರಿಯೇ ಅಮ್ಮ ಹೇಳಿದ ಹಾಗೇ ಬರೆದಿಟ್ಟುಕೊಂಡೆ.

ಮೇಡಂ ಇನ್ನೊಂದು ಉಪಕಾರ ಮಾಡಿದರು. ಕೊಡಗಿನ ಗೌರಮ್ಮನ ಕಥೆಗಳನ್ನು ಕೈಗೆ ಕೊಟ್ಟರು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಆಮೇಲೆ ಇದ್ದದ್ದು ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನಲ್ಲಿ. (ಹೌದು, ಅದೇ ಸುಂಟಿಕೊಪ್ಪ. ಸುಮ್ನಿರು.) 1934ರಲ್ಲಿ ಗಾಂಧಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕು ಎಂದು ಉಪವಾಸ ಕೂತರಂತೆ. ಗಾಂಧಿ ಬಂದರು. ಗೌರಮ್ಮ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. 1939ರಲ್ಲಿ ಈಜಲು ಹೋಗಿ ಮುಳುಗಿ ತೀರಿಕೊಂಡಾಗ ಅವರಿಗೆ 27 ವರ್ಷ. ಲೆಕ್ಕ ಹಾಕಿದೆ. ನನಗೆ ಇನ್ನು ಎಂಟು ವರ್ಷ ಇದೆ, ಮತ್ತು ನನಗೆ ಈಜಲು ಬರುವುದಿಲ್ಲ.

ಸರಿ, ಬಸ್ಸನ್ನು ಎಷ್ಟು ಹೊತ್ತು ಸ್ಟ್ಯಾಂಡಿನಲ್ಲೇ ನಿಲ್ಲಿಸುವುದು. ವಿಷಯಕ್ಕೆ ಬರುತ್ತೇನೆ.

ಜನವರಿಯಲ್ಲಿ ಕಾಲೇಜಿನಲ್ಲಿ ಅನುಭವ ಕಥನ ಸ್ಪರ್ಧೆ ಇತ್ತು. ಬಹುಮಾನ 1,000 ರೂಪಾಯಿ. ನಾನು ಮೂರು ದಿನ ನನ್ನ ಅನುಭವ ಹುಡುಕಿದೆ. ಒಂದೂ ಸಿಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನನಗೆ ಆಗಿದ್ದು ಎಂದರೆ ಒಂದು ಟೈಫಾಯ್ಡು, ಒಂದು ಸಲ ಕೈ ಮುರಿದದ್ದು. ಅದೂ ಸೀಬೆ ಮರದಿಂದ ಬಿದ್ದು. ಕೊನೆಗೆ 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಬರೆದೆ. ಆಗಸ್ಟ್ ತಿಂಗಳ ಆ ಮೂರು ನಾಲ್ಕು ದಿನ. "ಆ ರಾತ್ರಿ ಗಿರಿಮಾತೆ ಮುನಿದಿದ್ದಳು" ಎಂದು ಶುರು ಮಾಡಿದೆ. ನಮ್ಮ ಕಡೆ ಯಾರಾದರೂ ಗಿರಿಮಾತೆ ಎನ್ನುತ್ತಾರಾ? ಬರೆ (ಕಡಿದಾದ ಮಣ್ಣಿನ ದಿಬ್ಬ) ಜರಿಯಿತು ಎನ್ನುತ್ತಾರೆ, ಅಷ್ಟೇ. ನಿನ್ನ ಮೈಸೂರಿನ ರೂಮ್‌ಮೇಟ್ ಕೇಳಿದನಂತಲ್ಲ, "ಬರೆ ಹಾಕ್ತಾರೆ, ಜರಿಯೋದು ಹೇಗೆ?" ಅಂತ. ಅಂಥವರಿಗೆ ಅರ್ಥವಾಗಲಿ ಎಂದೇ ಗಿರಿಮಾತೆಯನ್ನು ಕರೆತಂದೆ ಎಂದುಕೊ.

ಬರೆದದ್ದು "ನಾನು" ಎಂದು. ಮನೆ ಬಿಟ್ಟು ಓಡಿದ್ದು ನಾನು. ಕತ್ತಲಲ್ಲಿ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತದ್ದು ನನ್ನ ಅಪ್ಪ. ಹೊಳೆಯ ಹಾಗೆ ಬಂದ ಕೆಂಪು ಮಣ್ಣು ನಮ್ಮ ಕಣ ದಾಟಿ ಕೊಟ್ಟಿಗೆಗೆ ನುಗ್ಗಿತು. ಕೊನೆಯಲ್ಲಿ ಹಸು. ಕಟ್ಟಿದ ಹಗ್ಗದಲ್ಲೇ ಬೊಳ್ಳಿ ಸತ್ತಿತು, ಮಣ್ಣಿನಿಂದ ಒಂದು ಕೊಂಬು ಮಾತ್ರ ಕಾಣುತ್ತಿತ್ತು. ಆ ಕೊಂಬಿಗೆ ನಾನು ಅರ್ಧ ಗಂಟೆ ತೆಗೆದುಕೊಂಡೆ. ಓದುವಾಗ ಹಿಂದಿನ ಬೆಂಚಿನ ಹುಡುಗಿಯರು ಅತ್ತರು. ಮೊದಲ ಬಹುಮಾನ ಬಂತು. ಆ ದುಡ್ಡಿನಲ್ಲಿ ನಿನಗೆ ಬಿರಿಯಾನಿ ಕೊಡಿಸಿದೆ. ಯಾವುದರ ದುಡ್ಡು ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ನಿನ್ನ ತಂಗಿಯೇ ನಿನಗೆ ಫೋಟೋ ತೆಗೆದು ಕಳಿಸಿದ್ದು ಅಲ್ವಾ? ನಿನ್ನ ಮೆಸೇಜು ರಾತ್ರಿ ಹನ್ನೊಂದಕ್ಕೆ ಬಂತು. "ಚೆನ್ನಾಗಿದೆ. ಆದರೆ ಬೊಳ್ಳಿ ಸತ್ತಿರಲಿಲ್ಲ."

ಅಷ್ಟೇ. ನೀನು ನಿನ್ನ ಅಜ್ಜಿಯ ಬಗ್ಗೆ ಕೇಳಲಿಲ್ಲ. ನಿನ್ನ ಅಪ್ಪನನ್ನು ನನ್ನ ಅಪ್ಪ ಮಾಡಿದ್ದಕ್ಕೆ ಕೇಳಲಿಲ್ಲ. ಮಕ್ಕಂದೂರು ಕಡೆಯ ನಿಮ್ಮ ಮನೆಯನ್ನು ಎತ್ತಿ ಮೂರ್ನಾಡಿನ ಪಕ್ಕ ಇಟ್ಟದ್ದಕ್ಕೂ ಕೇಳಲಿಲ್ಲ. ಒಂದು ತಪ್ಪು ಮಾತ್ರ ತಿದ್ದಿದೆ. ಚಿಲ್ಲರೆ ಐದು ರೂಪಾಯಿ ಕಡಿಮೆ ಇದೆ ಎನ್ನುವ ಹಾಗೆ.

ನಾನು ವಾದ ಮಾಡಿದೆ, ನೆನಪಿದೆಯಾ? ಗೌರಮ್ಮನನ್ನು ಎಳೆದು ತಂದೆ. ಅವರು ವಿಧವೆಯಾಗಿರಲಿಲ್ಲ, ಆದರೂ ವಿಧವೆಯರ ಕಷ್ಟದ ಮೇಲೆ ಬರೆಯಲಿಲ್ಲವಾ ಎಂದೆ. ನೀನು "ನನಗೆ ಅದೆಲ್ಲ ಗೊತ್ತಿಲ್ಲ ಮಾರಾಯ, ನಾಳೆ ಇಂಟರ್ನಲ್ಸ್ ಇದೆ" ಎಂದು ಫೋನಿಟ್ಟೆ. ಉತ್ತರ ನನಗೇ ಗೊತ್ತಿತ್ತು. ಗೌರಮ್ಮ ಅದನ್ನು ಕಥೆ ಎಂದು ಕರೆದರು. ನಾನು ಸ್ಪರ್ಧೆಯ ಫಾರಂ ಕೆಳಗೆ "ಇದು ನನ್ನ ಸ್ವಂತ ಅನುಭವ" ಎಂದು ಸಹಿ ಹಾಕಿದ್ದೆ.

ಮೇಡಂಗೆ ಹೋಗಿ ಹೇಳಿದೆ. ಬೈದರೆ ಒಳ್ಳೆಯದಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಆ ಹಸು ಎಂತ ಆಯ್ತು?" ಎಂದು ಕೇಳಿದರು. ಅದೂ ನನಗೆ ಗೊತ್ತಿರಲಿಲ್ಲ. ಏಳು ವರ್ಷ ನಿನ್ನ ಪಕ್ಕ ಕೂತಿದ್ದೇನೆ, ಒಂದು ದಿನವೂ ಕೇಳಿರಲಿಲ್ಲ. ಬಹುಮಾನದ ದುಡ್ಡು ವಾಪಸ್ ಕೊಟ್ಟೆ, ಎರಡು ಕಂತಿನಲ್ಲಿ. ಸರ್ಟಿಫಿಕೇಟ್ ಮಾತ್ರ ಇನ್ನೂ ಗೋಡೆ ಮೇಲಿದೆ. ಅಪ್ಪ ಫ್ರೇಮ್ ಹಾಕಿಸಿದ್ದಾರೆ. ತೆಗೆಯಿರಿ ಎನ್ನಲು ಬಾಯಿ ಬರುತ್ತಿಲ್ಲ.

ಆಮೇಲೆ ನೀನು ಹೇಳಿದೆಯಲ್ಲ. ಅಪ್ಪ ಹೊರಡುವ ಮೊದಲು ಹಗ್ಗ ಬಿಚ್ಚಿ ಬಿಟ್ಟಿದ್ದರು, ಹತ್ತು ದಿನ ಆದ ಮೇಲೆ ಮೇಲಿನ ತೋಟದಲ್ಲಿ ಸಿಕ್ಕಿತು, ಒಂದು ಕಾಲು ಕುಂಟುತ್ತಿತ್ತು. ಆಗ ನೀವು ಕ್ಯಾಂಪಿನಲ್ಲಿ. ಅಲ್ಲಿಂದ ಚಿಕ್ಕಪ್ಪನ ಮನೆ. ಎಲ್ಲಿಯೂ ಕೊಟ್ಟಿಗೆ ಇಲ್ಲ. ಮಾರಿದರು. ನಿನ್ನ ಅಪ್ಪ ದುಡ್ಡು ಎಣಿಸದೆ ಜೇಬಿಗೆ ಹಾಕಿಕೊಂಡರು. ಇಷ್ಟನ್ನು ಒಂದೇ ಉಸಿರಿಗೆ ಹೇಳಿ, "ಮೆಸ್ಸಿನಲ್ಲಿ ಇವತ್ತು ಪುಳಿಯೋಗರೆ" ಎಂದೆ.

ಅದಾದ ಮೇಲೆ ನಮ್ಮ ಅಜ್ಜನ ಮಳೆ ಡೈರಿ ತೆಗೆದು ನೋಡಿದೆ. ನಿನಗೆ ಗೊತ್ತಲ್ಲ, ದಿನಾ ಬೆಳಿಗ್ಗೆ ಏಳಕ್ಕೆ ಗೇಜ್ ನೋಡಿ ಒಂದೇ ಸಾಲು. ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ), ಬೇರೆ ಏನಾದರೂ ಇದ್ದರೆ ಎರಡು ಶಬ್ದ. 2018ರ ಆಗಸ್ಟ್ 14ಕ್ಕೆ "5 ಇಂಚು 20 ಸೆಂಟ್. ಕರೆಂಟ್ ಇಲ್ಲ." 16ಕ್ಕೆ "ಗೇಜ್ ತುಂಬಿ ಹೊರಗೆ ಹೋಗಿದೆ. ಲೆಕ್ಕ ಇಲ್ಲ." ಪಕ್ಕದ ತೋಟದವರು ಅಷ್ಟು ಬಿದ್ದಿದೆ, ಇಷ್ಟು ಬಿದ್ದಿದೆ ಎಂದು ಹೇಳಿರುತ್ತಾರೆ. ಅಜ್ಜ ಬರೆದುಕೊಂಡಿಲ್ಲ. ಖಾಲಿ ಬಿಟ್ಟಿದ್ದಾರೆ. ಏಳನೇ ಕ್ಲಾಸು ಓದಿದ ಮನುಷ್ಯ.

ಮುಂದಿನದನ್ನು ಬರೆಯುವ ಯೋಚನೆ ಇರಲಿಲ್ಲ.

ಆ ಆಗಸ್ಟ್‌ನಲ್ಲಿ ನಮ್ಮ ಮನೆಗೆ ಏನೂ ಆಗಲಿಲ್ಲ. ಒಂಬತ್ತು ದಿನ ಕರೆಂಟ್ ಇರಲಿಲ್ಲ. ಒಲೆಯ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿಂದೆವು. ನನಗೆ ಖುಷಿಯಾಗಿತ್ತು. ಸೆಪ್ಟೆಂಬರ್‌ನಲ್ಲಿ ನೀನು ನಮ್ಮ ಆರನೇ ಕ್ಲಾಸಿಗೆ ಬಂದೆ. ಯಾರೋ ಕೊಟ್ಟ ಹೊಸ ನೀಲಿ ಬ್ಯಾಗು, ಮೂರು ಜಿಪ್ಪು. ಟೀಚರ್ ನಿನ್ನ ತಲೆ ಸವರಿ ಮುಂದೆ ಕೂರಿಸಿದರು. ಆಟದ ಹೊತ್ತಿನಲ್ಲಿ ಎಲ್ಲರೂ ನಿನ್ನ ಸುತ್ತ. ನೀನು ಒಂದು ಮಾತೂ ಆಡುತ್ತಿರಲಿಲ್ಲ, ಆದರೂ ಎಲ್ಲರೂ ನಿನ್ನ ಸುತ್ತ. ನಾನು ಮನೆಗೆ ಹೋಗಿ ಅಮ್ಮನನ್ನು ಕೇಳಿದೆ, "ನಮ್ಮ ಬರೆ ಯಾಕೆ ಜರಿಯಲಿಲ್ಲ?" ಅಮ್ಮನ ಕೈಯಲ್ಲಿ ದೋಸೆ ಸಟ್ಟುಗ ಇತ್ತು. ಬಿಸಿ ಇತ್ತು. ಬರೆ ಎಂದರೆ ಏನೆಂದು ಆವತ್ತು ಎರಡೂ ಅರ್ಥದಲ್ಲಿ ಗೊತ್ತಾಯಿತು. ನನ್ನ ಮೊಣಕೈ ಹತ್ತಿರದ ಗುರುತು ಸೈಕಲ್‌ನಿಂದ ಬಿದ್ದದ್ದು ಎಂದು ನಿನಗೆ ಹೇಳಿದ್ದೆನಲ್ಲ, ಸುಳ್ಳು.

ಹನ್ನೊಂದು ವರ್ಷದ ಹುಡುಗ, ಬಿಡು ಎನ್ನುತ್ತೀಯ. ಆದರೆ ಮೊನ್ನೆ ಸೋಮವಾರ ರಾತ್ರಿಯ ವಿಷಯ ಕೇಳು. ಎರಡು ಗಂಟೆ ಇರಬಹುದು. ಮಳೆ ಹೊಡೆಯುತ್ತಿತ್ತು. ಮನೆ ಹಿಂದಿನ ಬರೆಯಿಂದ ದಪ್ ಎಂದು ಮಣ್ಣು ಬಿದ್ದ ಸದ್ದು ಬಂತು. ಹಿಂದಿನ ಕೋಣೆಯಲ್ಲಿ ಅಮ್ಮ ಮಲಗಿದ್ದಳು. ಓಡಿ ಹೋಗಿ ಎಬ್ಬಿಸಬೇಕಿತ್ತು. ನಾನು ಮಲಗಿದಲ್ಲೇ ಮೊದಲ ವಾಕ್ಯ ಹುಡುಕುತ್ತಿದ್ದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಒಂದು ನಿಮಿಷ ಇರಬಹುದು. ವಾಕ್ಯ ಸಿಕ್ಕಿತು ಕೂಡ. ಈ ಸಲ ಸ್ವಂತ ಅನುಭವ ಎಂದು ಸಹಿ ಹಾಕಬಹುದು ಎಂದು ಅನಿಸಿತು. ಅದಾದ ಮೇಲೆ ಎದ್ದೆ.

ಬೆಳಿಗ್ಗೆ ನೋಡಿದರೆ ಎರಡು ಬುಟ್ಟಿ ಮಣ್ಣು, ಒಂದು ಬಾಳೆಗಿಡ. ಅಮ್ಮ "ಬಾಳೆಗೊನೆ ಹಾಳಾಯಿತು" ಎಂದು ಬೈದುಕೊಂಡಳು. ಸಾಹಿತ್ಯಕ್ಕೆ ಆದ ನಷ್ಟದ ಬಗ್ಗೆ ಯಾರೂ ಮಾತಾಡಲಿಲ್ಲ.

ಸಾಕು. ಜಾಸ್ತಿ ಆಯಿತು. ಇದನ್ನು ಓದಿ ಯಾರಾದರೂ ನನಗೆ ಸಮಾಧಾನ ಹೇಳಲು ಬಂದರೆ ದಯವಿಟ್ಟು ಬೇಡ, ನಾನು ಅದಕ್ಕೂ ಒಂದು ಪುಟ ಬರೆಯುತ್ತೇನೆ. ತೋಟಕ್ಕೆ ಹೋದರೆ ಕಾಲಿಗೆ ಹತ್ತುವ ಜಿಗಣೆಯೇ ವಾಸಿ, ಹೊಟ್ಟೆ ತುಂಬಿದರೆ ತಾನಾಗಿ ಬಿಟ್ಟು ಬೀಳುತ್ತದೆ. ನಾನು ನೋಡು, ಕ್ಷಮೆ ಕೇಳುವ ನೆಪದಲ್ಲಿ ನಿನ್ನ ಮನೆ, ನಿನ್ನ ಅಪ್ಪ, ನಿನ್ನ ಹಸು ಎಲ್ಲವನ್ನೂ ಇನ್ನೊಂದು ಸಲ ಬಳಸಿಕೊಂಡೆ. ಒಪ್ಪಿಗೆ ಕೊಟ್ಟವನು ನೀನೇ. ನಿನ್ನದೂ ತಪ್ಪಿದೆ.

ಶನಿವಾರ ಬರುತ್ತೀಯ ಅಲ್ವಾ? ಮನೆ ಹೋದವರಿಗೆ ಕಟ್ಟಿದ ಆ ಜಂಬೂರಿನ ಕಾಲೊನಿಗೆ ನಾನೇ ಬರುತ್ತೇನೆ. ನಿಮ್ಮ ಹೊಸ ಮನೆ ಯಾವುದು ಎಂದು ಈ ಸಲವೂ ಗುರುತು ಸಿಗುವುದಿಲ್ಲ, ಎಲ್ಲ ಒಂದೇ ತರ ಇವೆ. ಹೊರಗೆ ಬಂದು ನಿಲ್ಲು. ನಿನ್ನ ಅಪ್ಪನನ್ನು ಒಂದು ವಿಷಯ ಕೇಳಬೇಕು. ಬೊಳ್ಳಿಯನ್ನು ಕೊಂಡವರು ಯಾವ ಊರಿನವರು ಎಂದು. ಬರೆಯುವುದಕ್ಕಲ್ಲ ಮಾರಾಯ, ಸುಮ್ನೆ.

ನೋಟ್‌ಬುಕ್ ಮನೆಯಲ್ಲೇ ಬಿಟ್ಟು ಬರುತ್ತೇನೆ. ಬೇಕಿದ್ದರೆ ಜೇಬು ಹುಡುಕು.

ಇತಿ,
ನಿನ್ನ ಎರಡನೇ ಸೀಟು

ಮರೆತಿದ್ದೆ: ಆವತ್ತಿನ ಬಿರಿಯಾನಿ ಕೋಳಿಯದ್ದೇ. ಆಣೆ ಮುರಿದೆ, ಕ್ಷಮಿಸು.